ಫಲವತ್ತತೆ ಚಿಕಿತ್ಸೆಗೆ ಮೊದಲಿನ ಮೂರು ತಿಂಗಳು: ಮಾಲಿನ್ಯದಿಂದ ವೀರ್ಯಾಣುಗಳನ್ನು ಕಾಪಾಡಿಕೊಳ್ಳುವ ಬಗೆ

ಐವಿಎಫ್ (ಅಂಡಾಣು ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಬೆಳೆಸುವ ವಿಧಾನ) ಅಥವಾ ಇಕ್ಸಿ (ಅದರಲ್ಲೇ ಒಂದೊಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವ ವಿಧಾನ) ಚಿಕಿತ್ಸೆಗೆ ಅಣಿಯಾಗುವ ದಂಪತಿಗಳಲ್ಲಿ ಸಿದ್ಧತೆಯ ಹೊರೆಯೆಲ್ಲ ಬಹುಮಟ್ಟಿಗೆ ಹೆಂಡತಿಯ ಮೇಲೆಯೇ ಬೀಳುತ್ತದೆ. ಚುಚ್ಚುಮದ್ದು, ಸ್ಕ್ಯಾನಿಂಗ್, ಮೇಲಿಂದ ಮೇಲೆ ರಕ್ತಪರೀಕ್ಷೆ ಎಲ್ಲವೂ ಆಕೆಗೆ. ಗಂಡನಿಗೆ ಹೇಳುವುದು ಗೊತ್ತುಪಡಿಸಿದ ದಿನ ಬಂದು ವೀರ್ಯದ ಮಾದರಿ ಕೊಡಬೇಕು ಎಂದಷ್ಟೇ. ಆದರೆ ಆ ದಿನ ಅವರು ಕೊಡುವ ವೀರ್ಯಾಣುಗಳು ರೂಪುಗೊಳ್ಳಲು ಆರಂಭವಾದದ್ದು ಸುಮಾರು ಮೂರು ತಿಂಗಳ ಹಿಂದೆ. ಆ ಅವಧಿಯಲ್ಲಿ ಅವರು ಉಸಿರಾಡಿದ ಗಾಳಿ, ಸೇದಿದ ಹೊಗೆ, ಕೆಲಸದ ಜಾಗದಲ್ಲಿ ಮೈಗೆ ಸೋಕಿದ ರಾಸಾಯನಿಕ ಇವೆಲ್ಲವೂ ಆ ವೀರ್ಯಾಣುಗಳ ಮೇಲೆ ಪರಿಣಾಮ ಬೀರಬಲ್ಲವು. ಆದ್ದರಿಂದ ಆ ಮೂರು ತಿಂಗಳನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ಹಾಗೆಂದು ಮನೆಯಲ್ಲಿರುವ ಪ್ರತಿಯೊಂದು ಡಬ್ಬಿಗೂ ಬಾಟಲಿಗೂ ಹೆದರಬೇಕಾಗಿಲ್ಲ. ಯಾವುದರಿಂದ ಹಾನಿ ಹೆಚ್ಚೋ, ಯಾವುದರ ಬಗ್ಗೆ ಪುರಾವೆ ಗಟ್ಟಿಯಾಗಿದೆಯೋ ಅದನ್ನು ಮೊದಲು ಕೈಗೆತ್ತಿಕೊಂಡು ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು.

ಮೂರು ತಿಂಗಳೇ ಏಕೆ

ವೃಷಣದ ಮೂಲಕೋಶವೊಂದು ವಿಭಜನೆಗೊಳ್ಳುತ್ತ ಬಾಲವುಳ್ಳ ವೀರ್ಯಾಣುವಾಗಲು ಎರಡರಿಂದ ಎರಡೂವರೆ ತಿಂಗಳು ಬೇಕು. ಆ ಬಳಿಕ ಅದು ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಒಂದೆರಡು ವಾರ ಸಾಗಿ, ಈಜುವ ಶಕ್ತಿ ಪಡೆದು ಹೊರಬರುತ್ತದೆ. ಈ ಪಯಣದ ಕೊನೆಯ ಭಾಗವೇ ಅತಿ ಸೂಕ್ಷ್ಮವಾದದ್ದು. ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಟ್ಟುಕೊಳ್ಳುವ ಹೊತ್ತಿಗೆ ವೀರ್ಯಾಣು ತನ್ನ ಕೋಶರಸದ ಬಹುಭಾಗವನ್ನು ಕಳಚಿಕೊಂಡಿರುತ್ತದೆ. ಅದರ ಜೊತೆಗೆ ರಕ್ಷಣೆ ಕೊಡುವ ಕಿಣ್ವಗಳನ್ನೂ, ಡಿಎನ್‌ಎಗೆ ಆದ ಗಾಯವನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಸಾಮರ್ಥ್ಯವನ್ನೂ ಬಹುತೇಕ ಕಳೆದುಕೊಂಡಿರುತ್ತದೆ. ಅದರ ಹೊರಪೊರೆಯಲ್ಲಿ ಬೇಗ ಉತ್ಕರ್ಷಣಗೊಳ್ಳುವ ಕೊಬ್ಬಿನಾಮ್ಲಗಳೇ ತುಂಬಿವೆ. ಹೊಗೆಯ ಕಣಗಳು ಮತ್ತು ಭಾರಲೋಹಗಳು ದೇಹದಲ್ಲಿ ಹೆಚ್ಚಿಸುವ ಉತ್ಕರ್ಷಣ ಒತ್ತಡ, ಎಂದರೆ ಕೋಶಗಳನ್ನು ಕೆಡಿಸುವ ಚುರುಕಾದ ಆಮ್ಲಜನಕ ಸಂಯುಕ್ತಗಳ ಹೆಚ್ಚಳ, ಇಲ್ಲಿ ಸುಲಭವಾಗಿ ನಾಟುತ್ತದೆ. ಕೆಲವು ರಾಸಾಯನಿಕಗಳ ದಾರಿ ಬೇರೆ: ಅವು ಪುರುಷ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತವೆ. ಇನ್ನೂ ಕೆಲವು ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳನ್ನೇ ನಾಶಮಾಡುತ್ತವೆ.

ಇಲ್ಲಿ ಅನೇಕರಿಗೆ ತಿಳಿಯದಿರುವ ಒಂದು ಸಂಗತಿಯಿದೆ. ಡಿಎನ್‌ಎ ಮುರಿದ ವೀರ್ಯಾಣುವೂ ಅಂಡಾಣುವನ್ನು ಫಲಿತಗೊಳಿಸಬಲ್ಲದು. ಸಣ್ಣಪುಟ್ಟ ಹಾನಿಯನ್ನು ಅಂಡಾಣುವೇ ಸರಿಪಡಿಸುತ್ತದೆ. ಮೊದಲ ಎರಡು ಮೂರು ದಿನ ಭ್ರೂಣ ಬೆಳೆಯುವುದು ಮುಖ್ಯವಾಗಿ ಅಂಡಾಣು ಕೂಡಿಟ್ಟ ಬಂಡವಾಳದ ಮೇಲೆಯೇ. ನಾಲ್ಕರಿಂದ ಎಂಟು ಕೋಶಗಳಾಗುವ ಹಂತದಲ್ಲಿ, ಎಂದರೆ ಮೂರನೆಯ ದಿನದ ಸುಮಾರಿಗೆ, ಭ್ರೂಣದ ಸ್ವಂತ ಜೀನುಗಳು ಪೂರ್ಣವಾಗಿ ಕೆಲಸ ಆರಂಭಿಸುತ್ತವೆ. ತಂದೆಯ ಕಡೆಯಿಂದ ಬಂದ ದೋಷ ಬಹುಪಾಲು ಬಯಲಿಗೆ ಬರುವುದು ಆಗಲೇ. ಭ್ರೂಣ ಬ್ಲಾಸ್ಟೊಸಿಸ್ಟ್ ಎಂಬ ಐದಾರು ದಿನಗಳ ಹಂತ ಮುಟ್ಟದೆ ನಿಂತುಹೋಗಬಹುದು, ಅಥವಾ ಗರ್ಭ ನಿಂತರೂ ಬೇಗನೆ ಗರ್ಭಪಾತವಾಗಬಹುದು. ಇಕ್ಸಿಯಲ್ಲಿ ತಜ್ಞರು ಒಂದೊಂದೇ ವೀರ್ಯಾಣುವನ್ನು ಆರಿಸಿ ಅಂಡಾಣುವಿನೊಳಗೆ ಸೇರಿಸುತ್ತಾರೆ ನಿಜ, ಆದರೆ ಆ ಆಯ್ಕೆ ನಡೆಯುವುದು ಆಕಾರ ಮತ್ತು ಚಲನೆಯನ್ನು ನೋಡಿ. ಒಳಗಿನ ಡಿಎನ್‌ಎ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಹೀಗಾಗಿ ಇಕ್ಸಿ ಇರುವಾಗ ಗಂಡಸಿನ ಆರೋಗ್ಯ ಹೇಗಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ.

ಪುರಾವೆ ಎಷ್ಟು ಗಟ್ಟಿ

ಮಾಲಿನ್ಯಕ್ಕೂ ಪುರುಷರ ಫಲವತ್ತತೆಗೂ ನಂಟಿದೆ ಎಂಬುದಕ್ಕೆ ಆಧಾರಗಳು ಬಲವಾಗುತ್ತಿವೆ. ಅಮೆರಿಕದ ಮಿಶಿಗನ್ ಮತ್ತು ಟೆಕ್ಸಸ್ ರಾಜ್ಯಗಳಲ್ಲಿ 2005ರಿಂದ 2009ರವರೆಗೆ 501 ದಂಪತಿಗಳನ್ನು ಸೇರಿಸಿಕೊಂಡು ನಡೆದ ಲೈಫ್ ಅಧ್ಯಯನದಲ್ಲಿ, ಗಂಡಸರ ರಕ್ತದಲ್ಲಿ ಸೀಸ ಹೆಚ್ಚಿದ್ದಲ್ಲಿ ಮತ್ತು ಮೂತ್ರದಲ್ಲಿ ಥಾಲೇಟ್ ಎಂಬ, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬಳಸುವ ಕೆಲವು ರಾಸಾಯನಿಕಗಳ ಅಂಶ ಹೆಚ್ಚಿದ್ದಲ್ಲಿ ಗರ್ಭಧಾರಣೆಗೆ ಹೆಚ್ಚು ಕಾಲ ಹಿಡಿದಿತ್ತು. ಡೆನ್ಮಾರ್ಕ್‌ನಲ್ಲಿ ಲಕ್ಷಾಂತರ ಜನರ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು, ಪಿಎಂ 2.5 ಎಂಬ ಸೂಕ್ಷ್ಮಕಣಗಳು ಹೆಚ್ಚಿರುವ ಕಡೆ ಹಲವು ವರ್ಷ ವಾಸವಿದ್ದ ಗಂಡಸರಲ್ಲಿ ಸಂತಾನಹೀನತೆಯ ಸಾಧ್ಯತೆ ಹೆಚ್ಚು ಎಂದು ಕಂಡುಕೊಂಡಿತು.

ಐವಿಎಫ್ ಫಲಿತಾಂಶದ ಮಟ್ಟಿಗೆ ನೇರ ಪುರಾವೆ ಇಷ್ಟು ದಟ್ಟವಾಗಿಲ್ಲ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದು ಒಂದೇ ಗಾಳಿ ಉಸಿರಾಡುವುದರಿಂದ ಯಾರ ಮೇಲಿನ ಪರಿಣಾಮ ಯಾವುದೆಂದು ಬೇರ್ಪಡಿಸುವುದು ಕಷ್ಟ. ಈ ತೊಡಕನ್ನು ದಾಟಲು ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಸಂಶೋಧಕರು, ದಾನಿಗಳ ಅಂಡಾಣು ಬಳಸಿ ನಡೆದ ಚಿಕಿತ್ಸೆಗಳನ್ನು ಪರಿಶೀಲಿಸಿದರು. ಅಲ್ಲಿ ಅಂಡಾಣು ಕೊಟ್ಟವರು ಒಂದು ಕಡೆ, ವೀರ್ಯ ಕೊಟ್ಟವರು ಇನ್ನೊಂದು ಕಡೆ ವಾಸವಿದ್ದವರು. ಇಬ್ಬರ ಕಡೆಯ ವಾಯುಮಾಲಿನ್ಯಕ್ಕೂ ಭ್ರೂಣದ ಬೆಳವಣಿಗೆಗೂ ಪ್ರತ್ಯೇಕವಾಗಿ ನಂಟು ಕಂಡುಬಂದಿತು. ಇವೆಲ್ಲ ವೀಕ್ಷಣಾ ಅಧ್ಯಯನಗಳು, ಎಂದರೆ ನಂಟನ್ನು ತೋರಿಸುತ್ತವೆ, ಕಾರಣವನ್ನು ಸಾಬೀತುಪಡಿಸುವುದಿಲ್ಲ. ಮುಂಜಾಗ್ರತೆ ವಹಿಸಿದವರಿಗೆ ಮಗುವಾಗುವುದು ಖಚಿತ ಎಂದು ಇವುಗಳಿಂದ ಹೇಳಲಾಗದು. ಆದರೂ ಮುಂದೆ ಹೇಳಿರುವ ಕ್ರಮಗಳಲ್ಲಿ ಹೆಚ್ಚಿನವು ಹೃದಯಕ್ಕೂ ಶ್ವಾಸಕೋಶಕ್ಕೂ ಹಿತವಾದವು. ಆದ್ದರಿಂದ ಇನ್ನಷ್ಟು ಪುರಾವೆ ಬರಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ.

ಮೊದಲ ಹೆಜ್ಜೆ: ಬರೆದಿಡಿ

ಒಂದು ಹಾಳೆಯ ಮೇಲೆ ಕಳೆದ ಮೂರು ತಿಂಗಳಲ್ಲಿ ನೀವು ಎಲ್ಲೆಲ್ಲಿ ದಿನ ಕಳೆದಿರಿ, ಏನೇನು ಮುಟ್ಟಿದಿರಿ ಎಂಬುದನ್ನು ಬರೆಯಿರಿ. ಕೆಲಸದಿಂದ ಆರಂಭಿಸಿ. ಬ್ಯಾಟರಿ ತಯಾರಿಕೆ ಅಥವಾ ದುರಸ್ತಿ, ಬೆಸುಗೆ, ವೆಲ್ಡಿಂಗ್, ಹಳೆಯ ಬಣ್ಣ ಕೆರೆಯುವುದು, ಗುಜರಿ ಲೋಹ ಕರಗಿಸುವುದು ಇವುಗಳಲ್ಲಿ ಸೀಸ ಮತ್ತು ಇತರ ಲೋಹಗಳ ಹೊಗೆ ಇರುತ್ತದೆ. ಬಣ್ಣ, ವಾರ್ನಿಷ್, ಅಂಟು, ಮುದ್ರಣದ ಶಾಯಿ ಇವುಗಳಲ್ಲಿ ದ್ರಾವಕಗಳಿರುತ್ತವೆ. ಗ್ಲೈಕಾಲ್ ಈಥರ್ ಎಂಬ ಗುಂಪಿನ ಕೆಲವು ದ್ರಾವಕಗಳು ವೃಷಣಕ್ಕೆ ಹಾನಿಕಾರಕವೆಂದು ಸ್ಪಷ್ಟವಾಗಿ ಗೊತ್ತಾಗಿದೆ. ಔಷಧಿ ಸಿಂಪಡಿಸುವ ಕೃಷಿಕರು ಯಾವ ಔಷಧಿ, ಯಾವ ದಿನ, ಎಷ್ಟು ಹೊತ್ತು ಎಂಬುದನ್ನೂ ಬರೆಯಬೇಕು. ಕುಲುಮೆ, ಬಾಯ್ಲರ್, ಬೇಕರಿ ಒಲೆಯಂಥ ಬಿಸಿಯ ಮುಂದೆ ದಿನವಿಡೀ ನಿಲ್ಲುವವರು ಅದನ್ನೂ ನಮೂದಿಸಬೇಕು. ಬಿಸಿ ಮಾಲಿನ್ಯಕಾರಕವಲ್ಲ, ಆದರೆ ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ.

ಕೆಲಸದ ಬಳಿಕ ಹವ್ಯಾಸ, ಮನೆ, ಓಡಾಟ, ಔಷಧಿಗಳ ಸರದಿ. ಬಂದೂಕಿನ ಗುರಿ ಅಭ್ಯಾಸದಲ್ಲಿ ಸೀಸವಿದೆ ಎಂದು ಬಹಳ ಜನ ಊಹಿಸುವುದಿಲ್ಲ. ದೇಹದಾರ್ಢ್ಯಕ್ಕಾಗಿ ಟೆಸ್ಟೊಸ್ಟೆರಾನ್ ಅಥವಾ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ: ಹೊರಗಿನಿಂದ ಬಂದ ಟೆಸ್ಟೊಸ್ಟೆರಾನ್ ಮಿದುಳಿನ ಸಂಕೇತವನ್ನು ತಡೆದು ವೀರ್ಯಾಣುಗಳ ಉತ್ಪಾದನೆಯನ್ನೇ ನಿಲ್ಲಿಸಬಲ್ಲದು, ಮತ್ತು ಈ ಒಂದು ಕಾರಣದ ಮುಂದೆ ಪ್ಲಾಸ್ಟಿಕ್ ಡಬ್ಬಿಯ ಚಿಂತೆ ಏನೇನೂ ಅಲ್ಲ. ಹಾಳೆಯನ್ನು ವೈದ್ಯರಿಗೆ ಕೊಡಿ, ಬಳಸುವ ರಾಸಾಯನಿಕದ ಲೇಬಲ್ಲಿನ ಫೋಟೋವನ್ನೂ ಜೊತೆಗಿಡಿ. ವೈದ್ಯರು ಕೇಳಲಿಲ್ಲವೆಂದು ಸುಮ್ಮನಿರಬೇಡಿ.

ಎರಡನೆಯ ಹೆಜ್ಜೆ: ಬೇಕಾದ ಪರೀಕ್ಷೆ ಮಾತ್ರ

ವೀರ್ಯ ಪರೀಕ್ಷೆ ಎಲ್ಲರಿಗೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿಗಳೆಂದರೆ, ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇಕಡ 42, ಸಹಜ ಆಕಾರ ಶೇಕಡ 4. ಈ ಅಂಕಿಗಳಿಗಿಂತ ಮೇಲಿದ್ದರೆ ಎಲ್ಲವೂ ಸರಿ, ಕೆಳಗಿದ್ದರೆ ಮಗುವಾಗದು ಎಂದು ತಿಳಿಯಬಾರದು. ಒಬ್ಬರಲ್ಲಿಯೇ ಫಲಿತಾಂಶ ತಿಂಗಳಿಂದ ತಿಂಗಳಿಗೆ ಸಾಕಷ್ಟು ಏರಿಳಿಯುವುದರಿಂದ, ಮೊದಲ ವರದಿಯಲ್ಲಿ ಕೊರತೆ ಕಂಡರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದು ರೂಢಿ. ಜೊತೆಗೆ ದೇಹಪರೀಕ್ಷೆಯೂ ಆಗಬೇಕು, ಏಕೆಂದರೆ ವೃಷಣದ ಸುತ್ತಲಿನ ರಕ್ತನಾಳಗಳು ಊದಿಕೊಳ್ಳುವ ವೇರಿಕೋಸೀಲ್‌ನಂಥ, ಚಿಕಿತ್ಸೆಯಿರುವ ತೊಂದರೆಯೊಂದನ್ನು ಗಮನಿಸದೆ ದೋಷವನ್ನು ಮಾಲಿನ್ಯದ ಮೇಲೆ ಹೊರಿಸಿದರೆ ನಷ್ಟ ದಂಪತಿಗಳದೇ.

ಸೀಸದ ಕೆಲಸ ಮಾಡುವವರು ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ರಕ್ತದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಸಂಪರ್ಕ ತಪ್ಪಿಸಿದರೆ ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣಬಹುದು. ಬಹಳ ವರ್ಷ ದುಡಿದವರ ಮೂಳೆಯಲ್ಲಿ ಕೂತ ಸೀಸ ಮಾತ್ರ ದಶಕಗಳ ಕಾಲ ಉಳಿದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತಿರುತ್ತದೆ. ಅದನ್ನು ತೆಗೆಯುತ್ತೇವೆಂದು ಮಾರುವ ಶುದ್ಧೀಕರಣ ಪುಡಿ, ಕಷಾಯಗಳನ್ನು ನಂಬಬೇಡಿ. ಲೋಹ ಹೊರಹಾಕುವ ಔಷಧಿಗಳು ಇವೆ, ಆದರೆ ಅವನ್ನು ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳುವುದು ಅಪಾಯಕರ. ಮೂತ್ರದಲ್ಲಿ ಥಾಲೇಟ್ ಮತ್ತು ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್ ಅಳೆಯುವ ಪರೀಕ್ಷೆಗೂ ಹಣ ಹಾಕಬೇಕಾಗಿಲ್ಲ. ಅವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ದೇಹದಿಂದ ಹೊರಹೋಗುವುದರಿಂದ, ಒಂದು ದಿನದ ಮೂತ್ರ ಆ ದಿನದ ಕತೆಯನ್ನಷ್ಟೇ ಹೇಳುತ್ತದೆ.

ವೀರ್ಯಾಣುಗಳ ಡಿಎನ್‌ಎ ಎಷ್ಟು ಮುರಿದಿದೆ ಎಂದು ಅಳೆಯುವ ಪರೀಕ್ಷೆ ಬೇರೆಯೇ ಇದೆ. ಅಮೆರಿಕದ ಮೂತ್ರಾಂಗ ತಜ್ಞರ ಮತ್ತು ಸಂತಾನೋತ್ಪತ್ತಿ ತಜ್ಞರ ಸಂಘಗಳ ಜಂಟಿ ಮಾರ್ಗಸೂಚಿ ಇದನ್ನು ಆರಂಭದಲ್ಲಿಯೇ ಎಲ್ಲರಿಗೂ ಮಾಡಿಸಲು ಹೇಳುವುದಿಲ್ಲ; ಮತ್ತೆ ಮತ್ತೆ ಗರ್ಭಪಾತವಾದ ದಂಪತಿಗಳಲ್ಲಿ ಪರಿಗಣಿಸಬಹುದು ಎನ್ನುತ್ತದೆ. ಫಲಿತಗೊಂಡ ಭ್ರೂಣಗಳು ಮೂರನೆಯ ದಿನದ ಬಳಿಕ ಸಾಲಾಗಿ ನಿಂತುಹೋಗಿದ್ದರೂ ಈ ಪರೀಕ್ಷೆಯ ಮಾತನ್ನು ವೈದ್ಯರ ಮುಂದೆ ಎತ್ತುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆ: ಹೊಗೆ ಬಿಡಿ

ಧೂಮಪಾನಿಗಳು ಬೇರೆ ಯಾವ ಮಾಲಿನ್ಯದ ಬಗ್ಗೆಯೂ ಯೋಚಿಸುವ ಮುನ್ನ ತಂಬಾಕನ್ನು ಬಿಡಬೇಕು. ತಂಬಾಕಿನ ಹೊಗೆಯಲ್ಲಿ ಕ್ಯಾಡ್ಮಿಯಂ ಎಂಬ ಭಾರಲೋಹವಿದೆ, ಸೀಸವಿದೆ, ಡಿಎನ್‌ಎಗೆ ಹಾನಿ ಮಾಡುವ ಹತ್ತಾರು ಸಂಯುಕ್ತಗಳಿವೆ. ಕ್ಯಾಡ್ಮಿಯಂ ಒಮ್ಮೆ ಮೂತ್ರಪಿಂಡ ಸೇರಿದರೆ ಅರ್ಧದಷ್ಟು ಇಳಿಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಸೇದುವವರಲ್ಲಿ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕಡಿಮೆ, ಡಿಎನ್‌ಎ ಹಾನಿ ಹೆಚ್ಚು. ಹುಕ್ಕಾ, ಇ-ಸಿಗರೇಟು, ಗಾಂಜಾ ಇವಕ್ಕೆ ಬದಲಿಸಿಕೊಳ್ಳುವುದು ಪರಿಹಾರವಲ್ಲ. ಒಂದು ದಿನ ಗೊತ್ತುಮಾಡಿಕೊಂಡು ಪೂರ್ತಿಯಾಗಿ ಬಿಡಿ, ಆಗದಿದ್ದರೆ ವೈದ್ಯರಿಂದ ನಿಕೋಟಿನ್ ಬದಲಿ ಚಿಕಿತ್ಸೆ ಪಡೆಯಿರಿ. ಹೆಂಡತಿಯ ಅಂಡಾಶಯದ ಮೇಲೂ ಅದೇ ಹೊಗೆ ಪರಿಣಾಮ ಬೀರುವುದರಿಂದ, ಗಂಡ ಬಾಲ್ಕನಿಯಲ್ಲಿ ಸೇದಿ ಒಳಬರುವುದೂ ನಿಲ್ಲಬೇಕು.

ನಾಲ್ಕನೆಯ ಹೆಜ್ಜೆ: ಕೆಲಸದ ಜಾಗ

ಗಂಡಸರ ಫಲವತ್ತತೆಯನ್ನು ರಾಸಾಯನಿಕವೊಂದು ಪೂರ್ತಿ ಅಳಿಸಬಲ್ಲದೆಂದು ಜಗತ್ತಿಗೆ ಗೊತ್ತಾದದ್ದು ಕಾರ್ಖಾನೆಯೊಂದರಿಂದಲೇ. ಮಣ್ಣಿನ ಜಂತುಹುಳುಗಳನ್ನು ಕೊಲ್ಲಲು ಬಳಸುತ್ತಿದ್ದ ಡಿಬಿಸಿಪಿ ಎಂಬ ಕೀಟನಾಶಕವನ್ನು ಕ್ಯಾಲಿಫೋರ್ನಿಯಾದಲ್ಲಿ ತಯಾರಿಸುತ್ತಿದ್ದ ಕಾರ್ಮಿಕರು, ತಮ್ಮಲ್ಲಿ ಹಲವರಿಗೆ ಮಕ್ಕಳಾಗುತ್ತಿಲ್ಲ ಎಂಬುದನ್ನು ಮಾತಿನ ನಡುವೆ ತಾವೇ ಗಮನಿಸಿದರು. 1977ರಲ್ಲಿ ಪರೀಕ್ಷೆ ಮಾಡಿದಾಗ ಅನೇಕರಲ್ಲಿ ವೀರ್ಯಾಣುಗಳು ತೀರ ಕಡಿಮೆಯಿದ್ದವು ಅಥವಾ ಇರಲೇ ಇಲ್ಲ. ಎರಡು ವರ್ಷಗಳ ಬಳಿಕ ಅಮೆರಿಕದಲ್ಲಿ ಅದರ ಬಹುತೇಕ ಬಳಕೆಯನ್ನು ನಿಷೇಧಿಸಲಾಯಿತು. ಸಂಪರ್ಕ ತಪ್ಪಿದ ಮೇಲೆ ಕೆಲವರು ಚೇತರಿಸಿಕೊಂಡರು, ಕೆಲವರಿಗೆ ಅದು ಶಾಶ್ವತ ನಷ್ಟವಾಯಿತು. ವೈದ್ಯರಿಗಿಂತ ಮೊದಲು ಅಪಾಯವನ್ನು ಕಂಡವರು ಕೆಲಸಗಾರರೇ ಎಂಬುದನ್ನು ನೆನಪಿಡಬೇಕು. ನಿಮ್ಮ ಜೊತೆಯವರಲ್ಲಿಯೂ ಇಂಥ ತೊಂದರೆ ಕಂಡರೆ ಅದನ್ನು ಹೇಳಲು ಸಂಕೋಚಪಡಬೇಡಿ.

ಸಾಧ್ಯವಿದ್ದರೆ ಈ ಮೂರು ತಿಂಗಳ ಮಟ್ಟಿಗೆ ಬೇರೆ ವಿಭಾಗಕ್ಕೆ ಬದಲಾವಣೆ ಕೇಳಿ. ವೈದ್ಯರ ಪತ್ರವಿದ್ದರೆ ಕೇಳುವುದು ಸುಲಭ. ಬದಲಾವಣೆ ಆಗದಿದ್ದಲ್ಲಿ ಮುಖವಾಡವನ್ನು ಕೊನೆಯ ಉಪಾಯವೆಂದು ತಿಳಿದು, ಮೊದಲು ಗಾಳಿ ಹೊರಹೋಗುವ ವ್ಯವಸ್ಥೆ, ಕಡಿಮೆ ವಿಷದ ಬದಲಿ ಪದಾರ್ಥ, ಮುಚ್ಚಿದ ಪಾತ್ರೆ ಇವುಗಳ ಬಗ್ಗೆ ಮೇಲ್ವಿಚಾರಕರೊಂದಿಗೆ ಮಾತಾಡಿ. ಮುಖವಾಡ ಹಾಕುವಾಗ ಯಾವುದಕ್ಕೆ ಯಾವುದು ಎಂಬುದು ತಿಳಿದಿರಲೇಬೇಕು. ಎನ್95 ಮುಖವಾಡ ದೂಳನ್ನೂ ಕಣಗಳನ್ನೂ ತಡೆಯುತ್ತದೆ, ಆದರೆ ಬಣ್ಣ ಮತ್ತು ಥಿನ್ನರಿನ ಆವಿ ಅದರ ಮೂಲಕ ಸರಾಗವಾಗಿ ಒಳಬರುತ್ತದೆ; ಅದಕ್ಕೆ ಇದ್ದಿಲಿನ ಸೋಸುಕವಿರುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡವೇ ಬೇಕು. ಬಟ್ಟೆಯ ಮುಖವಾಡ ಎರಡಕ್ಕೂ ಸಾಲದು. ಕೀಟನಾಶಕ ಬಹುಪಾಲು ಚರ್ಮದ ಮೂಲಕವೇ ದೇಹ ಸೇರುವುದರಿಂದ, ಬೆರೆಸುವಾಗಲೂ ಸಿಂಪಡಿಸುವಾಗಲೂ ರಾಸಾಯನಿಕ ಒಳನುಸುಳದ ಕೈಗವಸು, ತುಂಬುತೋಳಿನ ಬಟ್ಟೆ, ಬೂಟು ಬೇಕು. ಈ ಅವಧಿಯಲ್ಲಿ ಸಿಂಪಡಣೆಯನ್ನು ಬೇರೆಯವರಿಗೆ ವಹಿಸುವುದು ಪರಿಹಾರವೆಂದು ನಾನು ಹೇಳಲಾರೆ, ಏಕೆಂದರೆ ಅವರೂ ನಾಳೆ ತಂದೆಯಾಗಬೇಕಾದವರೇ ಆಗಿರಬಹುದು. ಯಾರು ಸಿಂಪಡಿಸಿದರೂ ರಕ್ಷಣೆ ಒಂದೇ ಇರಬೇಕು.

ಊಟಕ್ಕೆ ಮುನ್ನ ಕೈ ಮುಖ ತೊಳೆಯಿರಿ, ಕೆಲಸದ ಜಾಗದಲ್ಲಿ ತಿನ್ನಬೇಡಿ. ಮನೆಗೆ ಹೊರಡುವ ಮೊದಲು ಸ್ನಾನ ಮಾಡಿ ಬಟ್ಟೆ ಬದಲಿಸಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು, ಒಗೆಯುವ ಮುನ್ನ ಕೊಡವಲೂಬಾರದು.

ಐದನೆಯ ಹೆಜ್ಜೆ: ಉಸಿರಾಡುವ ಗಾಳಿ

ಪಿಎಂ 2.5 ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ, ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ, ದಿನದ ಸರಾಸರಿ 15 ಮೈಕ್ರೋಗ್ರಾಂ. ಜಗತ್ತಿನ ಬಹುತೇಕ ನಗರಗಳು ಇದನ್ನು ಮೀರಿರುವುದರಿಂದ ಪೂರ್ತಿ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಇಲ್ಲ, ಪ್ರಮಾಣವನ್ನು ತಗ್ಗಿಸಬಹುದು. ಗಾಳಿಯ ಗುಣಮಟ್ಟ ತೀರ ಕೆಟ್ಟ ದಿನ ಓಟ, ಸೈಕಲ್ ಸವಾರಿಯನ್ನು ಮುಂದೂಡಿ, ಹೆದ್ದಾರಿಯ ಬದಿಯ ನಡಿಗೆಯನ್ನು ಒಳರಸ್ತೆಗೆ ಬದಲಿಸಿ, ದಟ್ಟಣೆಯಲ್ಲಿ ನಿತ್ಯ ದ್ವಿಚಕ್ರ ವಾಹನದಲ್ಲಿ ಹೋಗುವವರು ಎನ್95 ಧರಿಸಿ. ಮಲಗುವ ಕೋಣೆಯಲ್ಲಿ ದಿನದ ಮೂರನೆಯ ಒಂದು ಭಾಗ ಕಳೆಯುವುದರಿಂದ, ಹೆಪಾ ಎಂಬ, ಸೂಕ್ಷ್ಮಕಣಗಳನ್ನು ಹಿಡಿಯುವ ಸೋಸುಕವಿರುವ ಗಾಳಿ ಶುದ್ಧೀಕಾರಕ ಇಡುವುದಾದರೆ ಅಲ್ಲಿಯೇ ಇಡಿ. ಸೌದೆ, ಕಸ ಸುಡುವ ಹೊಗೆ ಮನೆಯೊಳಗೆ ಬರದಂತೆ ನೋಡಿಕೊಳ್ಳಿ, ಅಡುಗೆಮನೆಯ ಹೊಗೆ ಹೊರಹೋಗಲು ದಾರಿಯಿರಲಿ.

ಆರನೆಯ ಹೆಜ್ಜೆ: ಅಡುಗೆಮನೆ, ನೀರು, ಪ್ಲಾಸ್ಟಿಕ್

ಬಿಸಿ ಆಹಾರವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಬೇಡಿ, ಮೈಕ್ರೋವೇವಿನಲ್ಲಿ ಗಾಜು ಅಥವಾ ಪಿಂಗಾಣಿ ಬಳಸಿ. ಬಿಸ್ಫಿನಾಲ್ ಎ ಇಲ್ಲ ಎಂದು ಬರೆದಿರುವ ಡಬ್ಬಿಯಲ್ಲಿ ಬಿಸ್ಫಿನಾಲ್ ಎಸ್ ಎಂಬ ಅದರ ಸೋದರ ಸಂಯುಕ್ತ ಇರಬಹುದು. ಬಿಲ್ ಮುದ್ರಿಸುವ ನುಣುಪಾದ ಕಾಗದದಲ್ಲಿಯೂ ಇವು ಇರುತ್ತವೆ, ಮತ್ತು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಅದನ್ನು ಮುಟ್ಟಿದರೆ ಚರ್ಮ ಹೆಚ್ಚು ಹೀರಿಕೊಳ್ಳುತ್ತದೆ. ದಿನವಿಡೀ ಬಿಲ್ ಹರಿಯುವ ಕೆಲಸದವರಿಗೆ ಇದು ಮುಖ್ಯ, ಉಳಿದವರಿಗೆ ಅಷ್ಟಿಲ್ಲ. ಕೆಲವು ಮಾತ್ರೆಗಳ ಹೊರಲೇಪದಲ್ಲಿಯೂ ಥಾಲೇಟ್ ಇರುತ್ತದೆ. ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ ನಿಲ್ಲಿಸಬಾರದು, ಆದರೆ ಬದಲಿ ಇದೆಯೇ ಎಂದು ಕೇಳಬಹುದು.

ಬೋಸ್ಟನ್ನಿನ ಫಲವತ್ತತೆ ಕೇಂದ್ರವೊಂದಕ್ಕೆ ಬರುವ ದಂಪತಿಗಳಲ್ಲಿ ನಡೆದ ಅರ್ತ್ ಅಧ್ಯಯನದ 2015ರ ವರದಿ, ಕೀಟನಾಶಕದ ಶೇಷ ಹೆಚ್ಚಿರುವ ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿಂದ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಎಂದು ತೋರಿಸಿತು. ಇದನ್ನು ಓದಿ ಹಣ್ಣು ತರಕಾರಿ ಬಿಡುವುದು ದೊಡ್ಡ ತಪ್ಪಾಗುತ್ತದೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸಿಪ್ಪೆ ತೆಗೆಯಬಹುದಾದದ್ದನ್ನು ತೆಗೆಯಿರಿ, ಬಗೆಬಗೆಯದನ್ನು ತಿನ್ನಿ. ಮೀನು ತಿನ್ನುವವರು ಶಾರ್ಕ್‌ನಂಥ ದೊಡ್ಡ ಬೇಟೆಮೀನುಗಳ ಬದಲು ಸಣ್ಣ ಮೀನುಗಳನ್ನು ಆರಿಸಿಕೊಳ್ಳಲಿ, ಪಾದರಸ ಸೇರಿಕೊಳ್ಳುವುದು ದೊಡ್ಡದರಲ್ಲಿಯೇ ಹೆಚ್ಚು. ನೀರಿನಲ್ಲಿ ಸೀಸದ ಶಂಕೆಯಿದ್ದರೆ ಕುದಿಸುವುದರಿಂದ ಅದು ಹೋಗುವುದಿಲ್ಲ, ನೀರು ಇಂಗಿದಂತೆ ಸಾಂದ್ರವಾಗುತ್ತದೆ; ಆರ್‌ಒ ಶುದ್ಧೀಕಾರಕ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ.

ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ

ಉತ್ಕರ್ಷಣ ಒತ್ತಡವೇ ಕಾರಣವಾದರೆ ಅದನ್ನು ತಗ್ಗಿಸುವ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. 2020ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ಈ ಆಸೆಯನ್ನು ಬೆಂಬಲಿಸಲಿಲ್ಲ. ಮಾಕ್ಸಿ ಎಂಬ ಪ್ರಯೋಗದಲ್ಲಿ ಆಂಟಿಆಕ್ಸಿಡೆಂಟ್ ಮಿಶ್ರಣದಿಂದ ವೀರ್ಯದ ಗುಣಮಟ್ಟವಾಗಲಿ ಹೆರಿಗೆಗಳಾಗಲಿ ಹೆಚ್ಚಲಿಲ್ಲ. 2,370 ದಂಪತಿಗಳು ಭಾಗವಹಿಸಿದ ಇನ್ನೊಂದರಲ್ಲಿ ಫೋಲಿಕ್ ಆಮ್ಲ ಮತ್ತು ಸತು ಕೊಟ್ಟರೂ ಹೆಚ್ಚು ಮಕ್ಕಳು ಹುಟ್ಟಲಿಲ್ಲ, ಬದಲಿಗೆ ಡಿಎನ್‌ಎ ಮುರಿಯುವ ಪ್ರಮಾಣ ತುಸು ಏರಿತು. ಮಾಲಿನ್ಯದ ಮೂಲ ತಪ್ಪಿಸದೆ ಮಾತ್ರೆಯನ್ನು ನೆಚ್ಚಿಕೊಳ್ಳುವುದಕ್ಕೆ ಆಧಾರವಿಲ್ಲ.

ದಿನ ಗೊತ್ತುಮಾಡುವಾಗ ಮತ್ತು ಆ ಬಳಿಕ

ಮೂರು ತಿಂಗಳ ಸಿದ್ಧತೆಗಾಗಿ ಚಿಕಿತ್ಸೆಯನ್ನು ಮುಂದೂಡಬೇಕೇ ಎಂಬುದು ಹೆಂಡತಿಯ ವಯಸ್ಸು ಮತ್ತು ಅಂಡಾಣುಗಳ ಸಂಗ್ರಹದ ಮೇಲೆ ನಿಂತಿದೆ. ಆಕೆಗೆ ಮೂವತ್ತರ ಕೊನೆಯ ವರ್ಷಗಳಾಗಿದ್ದರೆ ಅಥವಾ ಸಂಗ್ರಹ ಕುಗ್ಗಿದ್ದರೆ ಕಾಯುವುದರ ನಷ್ಟವೇ ಹೆಚ್ಚಾಗಬಹುದು. ಅಂಥಲ್ಲಿ ಚಿಕಿತ್ಸೆ ನಡೆಯಲಿ, ಸಿದ್ಧತೆಯೂ ಜೊತೆಯಲ್ಲಿಯೇ ಸಾಗಲಿ. ಹೇಗೂ ಪರೀಕ್ಷೆ, ಸಮಾಲೋಚನೆಗಳಲ್ಲಿ ವಾರಗಳು ಕಳೆಯುತ್ತವೆ. ಮೊದಲ ಭೇಟಿಯ ದಿನವೇ ಆರಂಭಿಸಿದವರಿಗೆ ಪ್ರತ್ಯೇಕವಾಗಿ ಕಾಯುವ ಪ್ರಮೇಯ ಬಾರದಿರಬಹುದು. ನಡುವೆ ತೀವ್ರ ಜ್ವರ ಬಂದರೆ ವೈದ್ಯರಿಗೆ ತಿಳಿಸಿ, ಅದು ಎರಡು ಮೂರು ತಿಂಗಳವರೆಗೆ ವೀರ್ಯದ ಗುಣಮಟ್ಟವನ್ನು ಇಳಿಸಬಲ್ಲದು.

ಮಾದರಿ ಕೊಡುವ ಮುನ್ನ ಎಷ್ಟು ದಿನ ಸ್ಖಲನ ತಪ್ಪಿಸಬೇಕೆಂದು ಕೇಂದ್ರದವರನ್ನು ಕೇಳಿ. ಪರೀಕ್ಷೆಗೆ ಸಾಮಾನ್ಯವಾಗಿ ಎರಡರಿಂದ ಏಳು ದಿನ ಎನ್ನುತ್ತಾರೆ. ಹೆಚ್ಚು ದಿನ ಕಾದಷ್ಟೂ ಒಳ್ಳೆಯದೆಂಬ ಎಣಿಕೆ ತಪ್ಪು, ಎಪಿಡಿಡಿಮಿಸ್‌ನಲ್ಲಿ ಬಹಳ ದಿನ ಉಳಿದ ವೀರ್ಯಾಣುಗಳಲ್ಲಿ ಡಿಎನ್‌ಎ ಹಾನಿ ಹೆಚ್ಚುತ್ತದೆ.

ಚಿಕಿತ್ಸೆ ಫಲಿಸದಿದ್ದರೆ ಭ್ರೂಣಶಾಸ್ತ್ರಜ್ಞರ ವರದಿಯನ್ನು ಕೇಳಿ ಪಡೆದು, ಎಷ್ಟು ಅಂಡಾಣು ಫಲಿತಗೊಂಡವು, ಎಷ್ಟನೆಯ ದಿನ ಬೆಳವಣಿಗೆ ನಿಂತಿತು ಎಂಬುದನ್ನು ನೋಡಿ, ನಿಮ್ಮ ಮೊದಲ ಹಾಳೆಯ ಜೊತೆಗಿಟ್ಟು ವೈದ್ಯರೊಂದಿಗೆ ಚರ್ಚಿಸಿ. ಇದು ಗಂಡನ ತಪ್ಪು ಹುಡುಕುವ ಕೆಲಸವಲ್ಲ. ಅಂಡಾಣುವಿನ ವಯಸ್ಸು ಸೇರಿದಂತೆ ಕಾರಣಗಳು ಹಲವಿರುತ್ತವೆ. ಫಲಿಸಿ ಗರ್ಭ ನಿಂತರೆ, ಹೊಗೆ ಬಿಟ್ಟದ್ದನ್ನೂ ಕೆಲಸದ ಬಟ್ಟೆಯನ್ನು ಹೊರಗೇ ಬದಲಿಸುವುದನ್ನೂ ಮುಂದುವರಿಸಬೇಕು. ಗಂಡನ ಬಟ್ಟೆ, ಬೂಟು, ತಲೆಗೂದಲಿನಲ್ಲಿ ಮನೆ ಸೇರುವ ಸೀಸದ ದೂಳು ತಾಯಿಯ ರಕ್ತದಿಂದ ಜರಾಯುವನ್ನು ದಾಟಿ ಭ್ರೂಣಕ್ಕೆ ತಲುಪುತ್ತದೆ, ಮತ್ತು ಬೆಳೆಯುವ ಮಿದುಳಿಗೆ ಸುರಕ್ಷಿತವಾದ ಸೀಸದ ಪ್ರಮಾಣ ಯಾವುದೂ ಇಲ್ಲ.